ಪ್ಲಸ್ ಮೈನಸ್

ದಿನಕ್ಕ ಹತ್ತು ಶಬ್ದ ಬಾಯಿಪಾಠ ಮಾಡ್ರಿ ಅಂದ್ರು
ಟಿಳಕವಾಡಿ ಸಂಜಿ ಕ್ಲಾಸಿನ ಹಲಗತ್ತಿ ಸರ್.
ಮಾಡಿದೆ. ಅಬಂಡನ್, ಅಬೇಟ್, ಅಬ್ಹಾರ್.
'ಎ' ಸಾಲು ದಾಟೂದ್ರಾಗ ವಡಗಾವಿ ಬಸ್ಸು ಬಂತು,
ಕಂಡಕ್ಟರನ ಚಿಲ್ಲರದ ಕೂಡ
ಮೂರೂ ಉದುರಿ ಹೋದೂವು.

ಉದ್ಯಮಬಾಗದಾಗ ಹಂಗಲ್ಲ.
ಅಲ್ಲಿ ಶಬ್ದಕ್ಕ ತೂಕ ಇರತೈತಿ,
ಎಣ್ಣಿ ಹತ್ತಿರತೈತಿ,
ಕೈ ಜಾರಿ ಬಿದ್ದರ ಹೆಬ್ಬೆರಳು ಒಡೀತೈತಿ.

ಮೊದಲ ದಿನ ಪಿಂಟೋ ಮೇಸ್ತ್ರಿ ಕೈಯಾಗ ಕೊಟ್ಟದ್ದು
ಒಂದು ಉಕ್ಕಿನ ಗೂಟ, ಅದಕ್ಕ ಎರಡು ತುದಿ.
ಈ ತುದಿ ಗೋ, ಆ ತುದಿ ನೋ-ಗೋ.
ಗೋ ತೂತಿನಾಗ ಹೋಗಬೇಕು,
ನೋ-ಗೋ ಹೋಗಬಾರದು.
"ಹೋದ್ರ?"
"ಕೆಂಪು ಕ್ರೇಟು."
ಅವನ ಕನ್ನಡದಾಗ ಅರ್ಧ ಕೊಂಕಣಿ,
ಬಾಜೂಕ ಕುಂತ ಮೋರೆ ಮಾವಶಿ ನಕ್ಕದ್ದು ಮರಾಠಿಯೊಳಗ.
ಇಂಗ್ಲಿಷ್ ಒಂದಽ ಅಲ್ಲಿ ಯಾರ ಮನೀದೂ ಅಲ್ಲ,
ಅದಕ್ಕಽ ಎಲ್ಲಾರ ಡಬ್ಬ್ಯಾಗೂ ಇತ್ತು.

ಬರ್ ಅಂದ್ರ, ಡ್ರಿಲ್ ಎತ್ತಿದ ಮ್ಯಾಲೆ
ತೂತಿನ ಬಾಯಿಗೆ ಉಳಿಯೂ ಸಣ್ಣ ಹಲ್ಲು.
ಕಲಿಸಿದ್ದು ನನ್ನ ತೋರಬೆರಳು; ಗುರುತು ಇನ್ನೂ ಐತಿ.
ಪ್ಲೇ ಅಂದ್ರ ಆಟ, ಶಾಲ್ಯಾಗಽ ಕಲಿತಿದ್ದೆ.
ಬೇರಿಂಗಿನಾಗ ಪ್ಲೇ ಐತಿ ಅಂದಾಗ ನಕ್ಕೆ.
ಪಿಂಟೋ ನಗಲಿಲ್ಲ, ಶಾಫ್ಟ್ ಹಿಡಿದು ಅಲ್ಲಾಡಿಸಿ ತೋರಿಸಿದ:
ಕೂದಲೆಳಿಯಷ್ಟು ಸಡಿಲ.
ಆಟಕ್ಕ ಅಷ್ಟು ಸಡಿಲ ಬೇಕಲ್ಲ, ವಿಚಾರ ಮಾಡಿದ್ರ ಖರೇನ.
ಫಟೀಗ್ ಅಂದ್ರ ಕಬ್ಬಿಣದ ದಣಿವು.
ಒಂದು ಸಲದ ಭಾರಕ್ಕಲ್ಲ,
ಲಕ್ಷ ಸಲ ಬಾಗಿದ್ದಕ್ಕ ಒಳಗೊಳಗ ಬಿರಕು ಬಿಡತೈತಿ,
ಹೊರಗ ಕಾಣಂಗಿಲ್ಲ.
ಈ ಶಬ್ದ ನಾ ಬರಕೊಳ್ಳಲಿಲ್ಲ. ಬೇಕಾಗಲಿಲ್ಲ.

ಟಾಲರನ್ಸ್ ತಡಾ ಆತು.
ಡ್ರಾಯಿಂಗಿನಾಗ ಅಂಕಿ ಮುಂದ ಸಣ್ಣಾಗಿ ಕುಂತಿರತೈತಿ:
ಪ್ಲಸ್ ಮೈನಸ್ ಪಾಯಿಂಟ್ ಜೀರೋ ಟೂ.
ಇಪ್ಪತ್ತೈದು ಅಂದ್ರ ಇಪ್ಪತ್ತೈದಽ ಯಾರಿಂದನೂ ಆಗೂದಿಲ್ಲ,
ಅವನಿಂದನೂ, ಅಂತ ಪಿಂಟೋ ಕೊರಳಿನ ಶಿಲುಬಿ ಮುಟ್ಟಿಕೊಂಡ.
ಅದಕ್ಕ ಇಷ್ಟು ಬಿಡತೇವಿ.
ಇಷ್ಟಽ.

ಮೊನ್ನೆ ಮೈದುನನ ಮಗಳು ಸಂಪದಾ
ಎಂಟನೇತ್ತೆ ಪುಸ್ತಕ ಹಿಡಕೊಂಡು ಬಂದ್ಲು:
"ದೊಡ್ಡವ್ವಾ, ಟಾಲರನ್ಸ್ ಅಂದ್ರ ಸಹನೆ ಹೌದಲ್ಲ?
ಗೈಡಿನಾಗ ಹಂಗಽ ಐತಿ."

ಹೂಂ ಅನ್ನೂದಿತ್ತು. ಬಾಯಿಗೆ ಬರಲಿಲ್ಲ.
ತಾಳಿದವ ಬಾಳ್ಯಾನು ಅಂತ ನಮ್ಮವ್ವ
ಹೊಸ್ತಿಲದಾಗ ಹೇಳಿ ಕಳಿಸಿದ್ಲು,
ಸುತಗಟ್ಟಿಯಿಂದ ಆ ಮಾತು ನನ್ನ ಟ್ರಂಕಿನ್ಯಾಗ ಬಂತು,
ಸೀರಿಗಳ ತಳಕ್ಕ, ಡಾಂಬರಗುಳಿಗಿ ಜೋಡಿ.
ಹತ್ತೊಂಬತ್ತು ವರ್ಷ ತಾಳಿದೆ.
ಎಷ್ಟು ಅಂತ ಅವ್ವ ಹೇಳಿರಲಿಲ್ಲ.
ಆ ಮಾತಿನ ಮುಂದ ಪ್ಲಸ್ ಇರಲಿಲ್ಲ,
ಮೈನಸ್ ಇರಲಿಲ್ಲ,
ಅಳಿಯೂ ಸಾಮಾನು ಯಾರ ಕೈಯಾಗೂ ಇರಲಿಲ್ಲ.

"ಗೈಡು ತಪ್ಪಲ್ಲವ್ವಾ," ಅಂದೆ, "ಅರ್ಧ ಹೇಳೈತಿ.
ಟಾಲರನ್ಸ್ ಅಂದ್ರ ಎಲ್ಲಿತನಕ ಅನ್ನೂದು.
ಅದಕ್ಕ ಎರಡು ದಂಡಿ ಇರತಾವು."
ಹುಡಿಗಿ ಕಣ್ಣು ಕಿರಿದು ಮಾಡಿದ್ಲು.
ಅಕಿ ಕೈಯಾಗಿನ ಗಾಜಿನ ಬಳಿ ಇಸಗೊಂಡು
ನನ್ನ ಕೈಗೆ ಏರಿಸಹೋದೆ;
ಗೆಣ್ಣಿಗೆ ಬಂದು ನಿಂತಿತು.
ಇನ್ನೊಂಚೂರು ಒತ್ತಿದ್ರ ಬಳಿ ಒಡೀತಿತ್ತು, ಇಲ್ಲಾ ಕೈ.
"ನೋ-ಗೋ," ಅಂದೆ.
"ನೋ-ಗೋ!" ಅಂತ ಅಕಿ ನಕ್ಕು ಬರಕೊಂಡ್ಲು.
ಪಡಸಾಲ್ಯಾಗ ಇವರು
ಟೀವಿ ಸಪ್ಪಳ ಕಡಿಮಿ ಮಾಡಿದ್ರು.
ಯಾಕೋ. ಒಂದು ಗಳಿಗಿ.

ಸೋಮವಾರ ಕ್ಲಾಸಿನಾಗ ಸರ್ ಕೇಳಿದ್ರು,
ಹತ್ತು ಆದೂವೇನ್ರಿ?
ಒಂದಽ ಸರ್, ವಾಕ್ಯದ ಸೈತ.
ಎದ್ದು ನಿಂತೆ, ಉಗುರಿನ ಸಂದ್ಯಾಗ ಗ್ರೀಸು,
"ಮೈ ಟಾಲರನ್ಸ್ ಹ್ಯಾಸ್ ನಂಬರ್."
"ಎ ನಂಬರ್," ತಿದ್ದಿದ್ರು ಸರ್, "ಒಂದು ಎ ಬಿಟ್ರಿ."

ಒಂದು ಎ ಕಡಿಮಿ.
ಅಷ್ಟು ಬಿಡತೇವಿ.